ಖಾಲಿ ಕುರ್ಚಿಯನ್ನು ಬಳಸಿ ನಡೆದವರು

ಉತ್ತರ ಕೊಡಲಾರದವರ ಬಾಗಿಲನ್ನೂ ತಟ್ಟಿ, ಉತ್ತರಕ್ಕಾಗಿ ಕಾಯುವುದು ಆಕೆಯ ಅಭ್ಯಾಸ. ಒಳಗಿರುವ ರೋಗಿಗೆ ಪ್ರಜ್ಞೆ ತಪ್ಪಿ ಮೂರು ದಿನವಾಗಿದ್ದರೂ ಸರಿಯೇ, ಎರಡು ಬಾರಿ ಮೆಲ್ಲನೆ ತಟ್ಟಿ, ತಲೆಯನ್ನು ಕೊಂಚ ವಾಲಿಸಿ, ಕಿವಿಗೊಟ್ಟು ನಿಲ್ಲುತ್ತಿದ್ದರು. ಸಾಮಾನ್ಯವಾಗಿ ಒಳಗೆ ಹೋಗುತ್ತಿದ್ದರು. ಒಮ್ಮೊಮ್ಮೆ ಮಾತ್ರ ‘ಈಗ ಬೇಡವಂತೆ’ ಎಂದು ತಮಗೆ ತಾವೇ ಹೇಳಿಕೊಂಡು ತಿರುಗಿಬಿಡುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತಿತ್ತು.

ಗುಣವಾಗುವ ಭರವಸೆ ಮುಗಿದವರನ್ನಷ್ಟೇ ಸೇರಿಸಿಕೊಳ್ಳುವ ಆ ವಾರ್ಡಿನಲ್ಲಿ ಆಕೆ ಹಿರಿಯ ದಾದಿ. ಮೊಣಕೈ ಸವೆದ, ಇಲಿಬಣ್ಣದ ಸ್ವೆಟರು. ಅದರ ಜೇಬುಗಳಲ್ಲಿ ಹತ್ತಿ, ಬಾಚಣಿಗೆ, ಉಗುರು ಕತ್ತರಿ. ಹೆಜ್ಜೆಯ ಸಪ್ಪಳವೇ ಇಲ್ಲದ ನಡಿಗೆಯಾದ್ದರಿಂದ ಆಯಾಗಳು ಇಟ್ಟ ಹೆಸರು ‘ನೆರಳಕ್ಕ’. ‘ಪಕ್ಕದಲ್ಲೇ ನಿಂತಿರೋದು ಗೊತ್ತಾಗದೆ ಅವರ ಮೇಲೇ ಚಾಡಿ ಹೇಳ್ಬಿಟ್ಟೆ ಸಾರ್, ಅವರೇ ಹೂಂಗುಟ್ಟಿದ್ರು!’ ಎಂದು ಆಯಾ ಒಬ್ಬಳು ನನ್ನೆದುರು ನಕ್ಕದ್ದುಂಟು.

ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ್ದ ನನ್ನ ತಂದೆ ಅಲ್ಲಿ ಹನ್ನೊಂದು ದಿನವಿದ್ದರು. ಐದನೆಯ ದಿನ ಮಧ್ಯಾಹ್ನ, ಕಿಟಕಿಯಿಂದ ನಿಚ್ಚಳ ಬಿಸಿಲು ಬೀಳುತ್ತಿರುವಾಗಲೇ, ಅವರು ಮೂಲೆಯ ಖಾಲಿ ಕುರ್ಚಿಯೊಡನೆ ಮಾತಾಡತೊಡಗಿದರು. ‘ಬಾ ಪುಟ್ಟಿ, ಕೂತ್ಕೋ. ಯಾಕೆ ಇಷ್ಟು ನೆನೆದಿದೀಯ?’

ಪುಟ್ಟಿ ನನ್ನ ತಂಗಿ. ಆರನೆಯ ವಯಸ್ಸಿನಲ್ಲಿ ಕೆರೆಯಲ್ಲಿ ಮುಳುಗಿಹೋದವಳು. ಅಂದಿನಿಂದ ನಲವತ್ತೆರಡು ವರ್ಷ ನಮ್ಮ ಮನೆಯಲ್ಲಿ ಯಾರೂ ಆ ಹೆಸರೆತ್ತಿರಲಿಲ್ಲ.

ನಾನು ಗಾಬರಿಯಿಂದ ಕುರ್ಚಿಯನ್ನು ಹೊರಗೆ ಸಾಗಿಸಹೊರಟೆ. ನೆರಳಕ್ಕ ಬಾಗಿಲಲ್ಲೇ ತಡೆದರು.

‘ಇರಲಿ ಅಣ್ಣಾ, ಅಲ್ಲೇ ಇಡಿ.’

‘ಅಲ್ಲಿ ಯಾರೂ ಇಲ್ಲವಲ್ಲ ಸಿಸ್ಟರ್!’

‘ನಮಗೆ ಇಲ್ಲ. ಅವರಿಗೆ ಇದಾರಲ್ಲ.’

ಕಪಾಟಿನಿಂದ ಒಣ ಟವೆಲೊಂದನ್ನು ತಂದು ಕುರ್ಚಿಯ ಬೆನ್ನಿಗೆ ಹಾಕಿದರು. ‘ಯಜಮಾನ್ರೇ, ಮಗು ಒರೆಸ್ಕೊಳ್ಳೋಕೆ ಟವೆಲ್ ಇಟ್ಟಿದೀನಿ, ಆಯ್ತಾ?’ ತಂದೆಯ ಹಣೆಯ ಗಂಟು ಸಡಿಲಿತು. ಅಂದಿನಿಂದ ಆಕೆ ಆ ಕುರ್ಚಿಗೆ ತಾಗದಂತೆ ಸುತ್ತು ಬಳಸಿಯೇ ನಡೆದರು. ಎಷ್ಟೇ ಅವಸರವಿದ್ದರೂ ಅದರ ಮೇಲೊಂದು ಹತ್ತಿಯುಂಡೆಯನ್ನೂ ಇಡಲಿಲ್ಲ. ಎರಡು ದಿನ ಕಳೆಯುವಷ್ಟರಲ್ಲಿ ನಾನೂ ಅದರಲ್ಲಿ ಕೂರಲಾರದೆ ನಿಂತೇ ಇರತೊಡಗಿದೆ.

ಹತ್ತನೆಯ ದಿನ, ತಂದೆಯ ತುಟಿಗೆ ಒದ್ದೆ ಹತ್ತಿ ಸೋಕಿಸುತ್ತಿದ್ದ ಆಕೆಗೆ, ಅದುವರೆಗೆ ಯಾರಿಗೂ ಹೇಳದ್ದನ್ನು ಹೇಳಿಬಿಟ್ಟೆ: ಕೆರೆಯ ಮೆಟ್ಟಿಲ ಮೇಲೆ ತಂಗಿಯ ಕೈ ಹಿಡಿದಿದ್ದವನು ನಾನು, ಗಾಳಿಪಟ ನೋಡುತ್ತ ಕೈ ಬಿಟ್ಟವನೂ ನಾನೇ. ಮನೆಯಲ್ಲಿ ಮಾತ್ರ, ಅವಳೇ ಕೊಸರಿಕೊಂಡು ಓಡಿದಳೆಂದಿದ್ದೆ.

ಆಕೆ ನನ್ನನ್ನು ಸಂತೈಸಲಿಲ್ಲ. ‘ನನಗ್ಯಾಕೆ ಹೇಳ್ತೀರಿ? ಅವರಿಗೆ ಹೇಳಿ. ಕಿವಿ ಕೊನೇವರೆಗೂ ಕೇಳುತ್ತೆ, ಆಯ್ತಾ?’ ಎಂದು ಹತ್ತಿಯನ್ನು ನನ್ನ ಕೈಗಿತ್ತು ಹೊರಟುಹೋದರು.

ಹೇಳಿದೆ. ಆಮೇಲೆ ತಂದೆ ಕಣ್ಣು ತೆರೆಯದೆಯೇ ಮೂಲೆಯತ್ತ ಮುಖ ತಿರುಗಿಸಿ, ಏನನ್ನೋ ಕೇಳಿಸಿಕೊಂಡವರಂತೆ ತಲೆಯಾಡಿಸಿ, ‘ಅವಳು ಆಗ್ಲೇ ಹೇಳಿದ್ಲು ಕಣೋ’ ಎಂದರು. ನನ್ನ ಬೆರಳುಗಳನ್ನು ಹಿಡಿದುಕೊಂಡರು, ಸಂಜೆಯವರೆಗೂ ಬಿಡಲಿಲ್ಲ.

ಮರುದಿನ ಬೆಳಗ್ಗೆ ತೀರಿಕೊಂಡರು. ಉಸಿರು ನಿಂತ ಮೇಲೂ ಆಕೆ ಅವರೊಡನೆ ಮಾತು ನಿಲ್ಲಿಸಲಿಲ್ಲ. ‘ಯಜಮಾನ್ರೇ, ಈಗ ಎಡಕ್ಕೆ ತಿರುಗಿಸ್ತೀನಿ... ನೀರು ಸ್ವಲ್ಪ ತಣ್ಣಗಿದೆ, ಬೇಜಾರು ಮಾಡ್ಕೋಬೇಡಿ.’ ನಾನು ಗೋಡೆಗೊರಗಿ ನಿಂತು ಕೇಳಿದೆ.

‘ಅವರಿಗೆ ಈಗ್ಲೂ ಕೇಳಿಸುತ್ತಾ ಸಿಸ್ಟರ್?’

‘ಗೊತ್ತಿಲ್ಲ ಅಣ್ಣಾ,’ ಎಂದರು, ಕೈಕೆಲಸ ನಿಲ್ಲಿಸದೆ. ‘ಕೇಳಿಸಿದ್ರೆ?’

ಲೋಕದಲ್ಲಿ ಇಂಥವರು ಕೆಲವರಿರುತ್ತಾರೆ. ಸತ್ಯವೋ ಭ್ರಮೆಯೋ ಎಂಬ ತರ್ಕಕ್ಕೆ ಅವರು ಇಳಿಯುವುದಿಲ್ಲ; ಹೊರಟು ನಿಂತವರು ಕಂಡದ್ದಕ್ಕೆ ಕೋಣೆಯಲ್ಲಿ ಜಾಗ ಬಿಟ್ಟುಕೊಡುತ್ತಾರೆ, ಉಳಿಯುವವರನ್ನು ಕೈಹಿಡಿದು ತಂದು ಅದರ ಎದುರಿಗೇ ನಿಲ್ಲಿಸುತ್ತಾರೆ. ಅವರ ಸನ್ನಿಧಿಯಲ್ಲಿ ಭಯವಾಗುವುದು ನಿಜ. ಆದರೆ ಆ ಭಯವನ್ನು ಒಬ್ಬಂಟಿಯಾಗಿ ಪಡಬೇಕಾದ ಗತಿಯನ್ನು ಅವರು ಯಾರಿಗೂ ತಂದಿಡುವುದಿಲ್ಲ.