ತಲೆಕೆಳಗಾದ ನೆನಪು

ನಾನು ಕಡಲಿನ ಆಳದ ಚಳಿ ಅಳೆಯುವ ಒಂದು ಗಾಜಿನ ಕೊಳವೆ. ಥರ್ಮಾಮೀಟರ್ ಎಂದರೆ ನಿಮಗೆ ಥಟ್ಟನೆ ತಿಳಿದೀತು. ಆದರೆ ಜ್ವರ ಬಂದವರ ಕಂಕುಳಲ್ಲಿ ಮಲಗುವ ಪೈಕಿ ನಾನಲ್ಲ. ಅಷ್ಟು ಜಂಬ ನನಗಿದೆ. ನನ್ನನ್ನು ಊದಿ ಮಾಡಿದ ಮುದುಕ ಬೆಂಕಿಯ ಮುಂದೆ ಕೂತು ನನ್ನ ಕೊರಳಿನಲ್ಲಿ ಒಂದು ಪುಟ್ಟ ಸುರುಳಿ ತಿರುಗಿಸಿದ. ಆ ಸುರುಳಿಯೇ ನನ್ನ ಹಣೆಬರಹವಾಯಿತು. ಆಳದಲ್ಲಿ ನನ್ನನ್ನು ತಲೆಕೆಳಗು ಮಾಡಿದರೆ ಪಾದರಸ ಅಲ್ಲಿ ತುಂಡಾಗುತ್ತದೆ, ಆ ಗಳಿಗೆಯ ಚಳಿ ನನ್ನೊಳಗೆ ಹಾಗೇ ನಿಂತುಬಿಡುತ್ತದೆ. ಮೇಲೆ ಬಂದ ಮೇಲೆ ಎಷ್ಟೇ ಬಿಸಿಲು ಹೊಡೆಯಲಿ, ಅದು ಕದಲುವುದಿಲ್ಲ. ಮತ್ತೆ ನೆಟ್ಟಗೆ ನಿಲ್ಲಿಸಿದರೆ ಮಾತ್ರ ಎಲ್ಲವೂ ಅಳಿಸಿಹೋಗುತ್ತದೆ.

ಪ್ರಾಯವೆಲ್ಲ ಒಂದು ದೊಡ್ಡ ಹಡಗಿನಲ್ಲಿ ಕಳೆಯಿತು. ನೀರು ತುಂಬುವ ಹಿತ್ತಾಳೆಯ ಬಾಟಲಿಯೊಂದರ ಪಕ್ಕೆಗೆ ನನ್ನನ್ನು ಕಟ್ಟಿ ಹಗ್ಗದಲ್ಲಿ ಇಳಿಸುತ್ತಿದ್ದರು. ಇಳಿದಂತೆಲ್ಲ ಬೆಳಕು ಹಸಿರಾಗಿ, ನೀಲಿಯಾಗಿ, ಕೊನೆಗೆ ಬಣ್ಣವೇ ಇಲ್ಲದಂತಾಗುತ್ತಿತ್ತು. ಅಲ್ಲಿ ನಾನು ಅಲುಗಾಡದೆ ಕಾಯುತ್ತಿದ್ದೆ. ಸುತ್ತಲಿನ ನೀರು ಮೆಲ್ಲಗೆ ನನ್ನದಾಗುತ್ತಿತ್ತು. ಆಮೇಲೆ ಮೇಲಿನಿಂದ ಒಂದು ಹಿತ್ತಾಳೆಯ ಗುಂಡು ಹಗ್ಗದಗುಂಟ ಜಾರಿ ಬಂದು ಟಣ್ ಎಂದು ಬಡಿಯುತ್ತಿತ್ತು, ಬಾಟಲಿಯೂ ನಾನೂ ಒಟ್ಟಿಗೆ ಮಗುಚಿಕೊಳ್ಳುತ್ತಿದ್ದೆವು.

ಎರಡು ನೀರು ಕೂಡುವ ಜಾಗ ನನಗೆ ಎಲ್ಲಕ್ಕಿಂತ ಇಷ್ಟ. ಮೇಲಿನಿಂದ ನೋಡುವವರಿಗೆ ಅಲ್ಲಿ ಕಾಣುವುದು ಉದ್ದದ ಒಂದು ನೊರೆಯ ಗೆರೆ, ಅದರ ಮೇಲೆ ಸುಳಿದಾಡುವ ಹಕ್ಕಿಗಳು, ಅಷ್ಟೇ. ಒಳಗೆ ಬೆಚ್ಚಗಿನ ನೀರು ತಣ್ಣಗಿನ ನೀರಿನ ಮೈಮೇಲೆ ಜಾರುತ್ತದೆ. ಒಂದು ಇನ್ನೊಂದನ್ನು ಸುತ್ತಿಕೊಂಡು, ಬಿಟ್ಟು, ಮತ್ತೆ ಸುತ್ತಿಕೊಳ್ಳುತ್ತದೆ. ನಿದ್ದೆಯ ಅಂಚಿನಲ್ಲಿ ಇರುವವರಿಗೆ ಹೀಗೆಯೇ ಆಗುತ್ತದೆಯೋ ಏನೋ. ನನಗಂತೂ ಅಲ್ಲಿಂದ ಮೇಲೆ ಬರಲು ಮನಸ್ಸಾಗುತ್ತಿರಲಿಲ್ಲ.

ಆಮೇಲೆ ಇಳಿಯುತ್ತಿರುವಾಗಲೇ ಲೆಕ್ಕ ಒಪ್ಪಿಸುವ ವಿದ್ಯುತ್ ಯಂತ್ರಗಳು ಬಂದವು. ನಮ್ಮನ್ನು ಕೇಳುವವರಿಲ್ಲದಾಯಿತು. ಕೈಯಿಂದ ಕೈಗೆ ಸಾಗಿ ನಾನು ಕುಂದಾಪುರ ಕಡೆಯ ಒಂದು ಕಾಲೇಜಿನ ಕಪಾಟು ಸೇರಿದೆ. ಅಲ್ಲಿ ಹತ್ತಿಯ ಮೇಲೆ ಮಲಗಿ ಬೇಕಾದಷ್ಟು ಕನಸು ಕಂಡೆ.

ನನ್ನನ್ನು ಎಬ್ಬಿಸಿದವಳು ವಾರಿಜಾ, ಆ ಕಾಲೇಜಿನ ಟೀಚರು. ಅವಳ ಹೊಸ ಯಂತ್ರ ರಿಪೇರಿಗೆ ಹೋಗಿ ಕೂತಿತ್ತು, ಕಡಲು ಕಾಯುವಂತಿರಲಿಲ್ಲ. ಅಳಿವೆಯಲ್ಲಿ, ಹೊಳೆ ಸಮುದ್ರ ಸೇರುವ ಕಡೆ, ಕುಪ್ಪು ಮರಕಾಲ್ತಿಯ ಮೀನಿನ ಪಂಜರಗಳಿದ್ದವು. ಗಂಡ ತೀರಿಕೊಂಡ ಮೇಲೆ ಅವನ ಬಲೆಗಳನ್ನೇ ಬಿಚ್ಚಿ ಹೊಲಿದು ಅವಳು ಕಟ್ಟಿದ ಪಂಜರಗಳು. ಕುರುಡಿ ಎಂಬ ಜಾತಿಯ ಮೀನಿನ ಬೆರಳುದ್ದದ ಮರಿಗಳನ್ನು ಬಿಟ್ಟು, ಕೈಯಾರೆ ತಿನ್ನಿಸಿ, ಮೊಳದುದ್ದ ಮಾಡಿದ್ದಳು. ಹಿಂದಿನ ಮಳೆಗಾಲದ ಒಂದು ಬೆಳಿಗ್ಗೆ ಅಷ್ಟೂ ಮೀನು ಹೊಟ್ಟೆ ಮೇಲಾಗಿ ತೇಲಿದ್ದವು. ಯಾರೋ ವಿಷ ಹಾಕಿದರು ಎಂದು ಊರು ಮಾತಾಡಿತು. ವಾರಿಜಾಳಿಗೆ ಬೇರೆಯೇ ಗುಮಾನಿ ಇತ್ತು. ಬಡಗಣ ಗಾಳಿ ಬಿಡದೆ ಬೀಸಿದರೆ ಮೇಲಿನ ನೀರು ದಡದಿಂದ ಆಚೆ ಸರಿಯುತ್ತದೆ, ಅದರ ಜಾಗಕ್ಕೆ ಆಳದ ತಣ್ಣೀರು ಏಳುತ್ತದೆ. ಆ ನೀರಿನಲ್ಲಿ ಉಸಿರು ಕಡಿಮೆ. ಬಿಡುಬೀಸಾಗಿರುವ ಮೀನು ಓಡಿ ಪಾರಾಗುತ್ತದೆ, ಪಂಜರದ ಮೀನು ಎಲ್ಲಿಗೆ ಓಡಬೇಕು?

ಈ ವರ್ಷ ಕುಪ್ಪು ಮತ್ತೆ ಮರಿ ಬಿಟ್ಟು ಬೆಳೆಸಿದ್ದಳು. ತಣ್ಣೀರು ಅಳಿವೆಯ ನೊರೆಯ ಗೆರೆಯ ಬುಡಕ್ಕೆ ಬಂದಿದ್ದರೆ ಪಂಜರಗಳನ್ನು ಹೊಳೆಯ ಒಳಕ್ಕೆ ಎಳೆಯಬೇಕು. ಬಂದಿಲ್ಲದಿದ್ದರೆ ಎಳೆಯಲೇಬಾರದು, ಮೀನುಗಳು ಬಲೆಗೆ ಮೈ ಉಜ್ಜಿ, ಮಳೆಯ ಸಿಹಿನೀರು ತಾಗಿ ಸುಮ್ಮನೆ ಸಾಯುತ್ತವೆ. ಇದನ್ನು ಹೇಳಬೇಕಾದವನು ನಾನು. ಆ ಮರ್ಯಾದೆಗೆ ನನ್ನ ಪಾದರಸ ಹಿಗ್ಗಿತ್ತು ಎಂದರೆ ತಪ್ಪಲ್ಲ.

ಗಾಳಿ ಬೀಸಿ ಬೀಸಿ ನಿಂತ ಒಂದು ಬೆಳಿಗ್ಗೆ ಹೊರಟೆವು. ದೋಣಿ ಕುಪ್ಪುವಿನ ಮೈದುನ ದಾಸನದು. ಕುಪ್ಪುವೂ ಹತ್ತಿ ಕೂತಳು. ಹೊಳೆಯ ಕೆಂಪು ನೀರೂ ಕಡಲಿನ ಹಸಿರು ನೀರೂ ಮುಟ್ಟುವ ಗೆರೆಯಲ್ಲಿ ನನ್ನನ್ನು ಇಳಿಸಿದರು. ಕಾದೆ, ಗುಂಡು ಬಂತು, ಮಗುಚಿದೆ, ಮೇಲೆ ಬಂದೆ. ವಾರಿಜಾ ಬಾಟಲಿಯನ್ನು ತಲೆಕೆಳಗಾಗಿಯೇ ಮೊಳೆಗೆ ತೂಗುಹಾಕಿದಳು. ಅಷ್ಟರಲ್ಲಿ ಅವಳಿಗೆ ವಾಂತಿ ಒತ್ತರಿಸಿ ಬಂತು. ಕಡಲನ್ನೇ ಓದಿದವಳಿಗೆ ಕಡಲು ಆಗಿಬರುತ್ತಿರಲಿಲ್ಲ, ಪಾಪ. ಅವಳು ದೋಣಿಯ ಅಂಚಿಗೆ ಬಗ್ಗಿದಳು.

ಕುಪ್ಪುವಿನ ಕಣ್ಣು ನನ್ನ ಮೇಲೆ ಬಿತ್ತು. ಅವಳ ಮನೆಯಲ್ಲಿ ಚಪ್ಪಲಿ ಮಗುಚಿ ಬಿದ್ದರೂ ಓಡಿಹೋಗಿ ಸರಿ ಮಾಡುತ್ತಾರೆ.

"ಅಯ್ಯೋ, ಹೊರಟ್ ಕೆಲ್ಸದಗೆ ತಲಿ ಕೆಳ್ಗ್ ಮಾಡಿ ಇಟ್ರೆ ಒಳ್ಳೇದಾತ್ತಾ?" ಎಂದು ಗೊಣಗಿ, ಸೆರಗಿನಲ್ಲಿ ನನ್ನ ಮೈಯೊರಸಿ, ನೆಟ್ಟಗೆ ನಿಲ್ಲಿಸಿದಳು.

ಪಾದರಸ ಸರ್ರನೆ ಕೆಳಗಿಳಿದು ಒಂದಾಯಿತು. ಆಳದಲ್ಲಿ ಏನನ್ನೋ ಹಿಡಿದಿದ್ದೆ ಎಂಬುದಷ್ಟೇ ನನ್ನಲ್ಲಿ ಉಳಿಯಿತು. ಅದು ಎಷ್ಟು ತಣ್ಣಗಿತ್ತು ಎಂದು ನನಗೇ ಗೊತ್ತಿರಲಿಲ್ಲ. ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ವಾರಿಜಾ ತಿರುಗಿ ನೋಡಿ ಬೇಡವೆಂದು ಕೈ ಚಾಚಿದಳು, ಆಗಲೇ ತಡವಾಗಿತ್ತು.

"ಎಂತ ಆಯ್ತ್ ಟೀಚ್ರೇ?"

"ಇದ್ ತಲಿ ಕೆಳ್ಗ್ ಇದ್ರೆ ಮಾತ್ರ ನೆನ್ಪ್ ಇಟ್ಕಂತ್, ಕುಪ್ಪಕ್ಕ. ನೆಟ್ಟಗ್ ಮಾಡ್ರೆ ಎಲ್ಲ ಮರ್ತ್ ಹೋತ್ತ್."

ಕುಪ್ಪು ತನ್ನ ಕೈಗಳನ್ನೇ ನೋಡಿಕೊಂಡಳು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ದಾಸ ಹುಟ್ಟು ಹಿಡಿದು, "ಗಾಳಿ ಬತ್ತಾ ಇತ್ತ್ ಅತ್ತಿಗಿ, ತಿರ್ಗಿ ಹ್ವಾಪ" ಎಂದ.

"ಹ್ವಾಪುದಲ್ಲ. ಇನ್ನೊಂದ್ ಸಲ ಇಳ್ಸುವ. ನನ್ ಮೀನ್ ಉಳಿತ್ತಾ ಇಲ್ಲ್ಯಾ ಗೊತ್ತಾಯ್ಕಲೆ" ಎಂದಳು ಕುಪ್ಪು.

ದೋಣಿ ಆಗಲೇ ಗೆರೆಯಿಂದ ದೂರ ತೇಲಿತ್ತು. ದಾಸ ಬೈದುಕೊಳ್ಳುತ್ತಲೇ ಹುಟ್ಟು ಹಾಕಿ ನೊರೆಯ ಬಳಿಗೆ ತಂದ. ಈ ಸಲ ಹಗ್ಗ ಕುಪ್ಪುವಿನ ಕೈಯಲ್ಲಿತ್ತು. ಹಸಿರು ದಾಟಿ ಇಳಿದೆ. ತಲೆಯ ಮೇಲೆ ಎರಡು ನೀರು ಹೊರಳಾಡುವುದು ಕೇಳಿಸುತ್ತಿತ್ತು. ಕೆಳಗಿನಿಂದ ನಿಧಾನವಾಗಿ, ಯಾರನ್ನೂ ಎಬ್ಬಿಸದ ಹಾಗೆ, ಆ ಚಳಿ ಏರಿ ಬಂದು ನನ್ನನ್ನು ತಬ್ಬಿತು. ಎಂದಿನಂತೆ ಅಲ್ಲೇ ಇದ್ದುಬಿಡೋಣ ಎನ್ನಿಸಲಿಲ್ಲ. ಗುಂಡು ಬೇಗ ಬರಲಿ ಎಂದು ಮೊದಲ ಬಾರಿಗೆ ಬೇಡಿಕೊಂಡೆ.

ಮೇಲೆ ಬಂದಾಗ ದೋಣಿ ಹೊಯ್ದಾಡುತ್ತಿತ್ತು. ಮೊಳೆಯನ್ನು ನಂಬದೆ ಕುಪ್ಪು ನನ್ನನ್ನು ತಲೆಕೆಳಗಾಗಿಯೇ ಎದೆಗೆ ಅವಚಿಕೊಂಡು ಕೂತಳು. ವಾರಿಜಾ ಬಗ್ಗಿ, ಕಣ್ಣು ಕಿರಿದು ಮಾಡಿ ಓದಿದಳು.

"ಬಂದಿತ್ತ್ ಕುಪ್ಪಕ್ಕ. ಬುಡದಗೇ ಬಂದಿತ್ತ್. ಪಂಜರ ಎಳಿಕ್."

ಆ ಸಂಜೆ ಕೇರಿಯ ದೋಣಿಗಳೆಲ್ಲ ಕೂಡಿ ಪಂಜರಗಳನ್ನು ಹೊಳೆಯ ಒಳಕ್ಕೆ, ಸೇತುವೆಯ ಆಚೆಗೆ ಎಳೆದವು. ದಾರಿಯಲ್ಲಿ ಒಂದಷ್ಟು ಮೀನು ಸತ್ತವು, ಕುಪ್ಪು ಅತ್ತಳು. ಮಾರನೆಯ ದಿನ ಅಳಿವೆಯ ಮರಳಿನ ಮೇಲೆ ಏಡಿಗಳೂ ನಂಗು ಮೀನುಗಳೂ ರಾಶಿ ಸತ್ತು ಬಿದ್ದಿದ್ದವು. ಸೇತುವೆಯ ಆಚೆ ಕುಪ್ಪು ಕರೆದಾಗ ಅವಳ ಕುರುಡಿಗಳು ನೀರು ಸೀಳಿಕೊಂಡು ಮೇಲೆ ಬಂದವು.

ರಿಪೇರಿಗೆ ಹೋದ ಯಂತ್ರ ಹಿಂದಿರುಗಿತು. ವಾರಿಜಾ ನನ್ನನ್ನು ಮತ್ತೆ ಕಪಾಟಿಗೆ ಹಾಕಲಿಲ್ಲ, ಕುಪ್ಪುವಿಗೆ ಕೊಟ್ಟಳು. ಈಗ ನಾನು ಅವಳ ಮನೆಯ ಗೋಡೆಯ ಮೇಲೆ ತೂಗುತ್ತಿದ್ದೇನೆ. ಕಿಟಕಿಯಿಂದ ಕಡಲಿನ ಸದ್ದು ಬರುತ್ತದೆ, ನಾನು ತೂಕಡಿಸುತ್ತೇನೆ. ಪಾದರಸದ ತುಂಡು ಇನ್ನೂ ಅಲ್ಲೇ ನಿಂತಿದೆ. ಸೆಕೆಗೆ ಮನೆಯವರೆಲ್ಲ ಬೆವರುವಾಗಲೂ ನನ್ನೊಳಗೆ ಆ ದಿನದ ಕಡಲು ತಣ್ಣಗಿದೆ.

ಮೊನ್ನೆ ಹೊಸ ಸೊಸೆ ಗೋಡೆ ಗುಡಿಸುತ್ತ ನನ್ನನ್ನು ಕಂಡು, "ಅತ್ತೆ, ಇದ್ ತಲಿ ಕೆಳ್ಗಾಯ್ತಲೆ" ಎಂದು ಕೈ ಚಾಚಿದಳು.

ಕುಪ್ಪು ಒಲೆಯ ಮುಂದಿನಿಂದ ಎದ್ದು ಬಂದಳು. "ಮುಟ್ಬೇಡ ಹೆಣೆ. ನಾನ್ ಒಂದ್ಸಲ ನೆಟ್ಟಗ್ ಮಾಡಿದ್ದೆ. ಸಾಕ್" ಎಂದಳು.

ಈ ಮನೆಯಲ್ಲಿ ತಲೆಕೆಳಗಾಗಿ ಇರುವುದು ನಾನೊಬ್ಬನೇ.