ತಗಡಿನವರ ಮನಿ

ನಮ್ಮ ಮನೆಯವರು, ಸಿದ್ದರಾಮೇಶ ಹುಲ್ಲೂರ, ಗಜೇಂದ್ರಗಡದ ಹೈಸ್ಕೂಲೊಂದರಲ್ಲಿ ಲೆಕ್ಕದ ಮಾಸ್ತರರಾಗಿದ್ದರು. ಕೊರೊನಾ ಬಂದು ಶಾಲೆ ಮುಚ್ಚಿದ್ದೇ ತಡ, ನಮ್ಮೂರು ಜಕ್ಕಲಿಯ ಕಟ್ಟೆ ಹಿಡಿದರು. ಸುಮ್ಮನೆ ಕೂಡುವ ಪೈಕಿ ಅಲ್ಲ, ಊರಿಗೆ ಹೊಸ ಹೊಸ ಮಾತು ಹುಟ್ಟಿಸಿ ಕೊಡತೊಡಗಿದರು. ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ತಿರುಗುವವನು ‘ಗದ್ದಗವಸು’. ಗುಡಿ ತೆರೆದಿದ್ದಾಗ ಅತ್ತ ಹಾಯದೆ, ಮುಚ್ಚಿದ ಮೇಲೆ ದಿನಾ ಹೋಗಿ ಕೀಲಿಗೆ ಕೈ ಮುಗಿಯುವವನು ‘ಕೀಲಿಭಕ್ತ’. ಪಕ್ಷ ಬದಲಿಸಿದ ಪುಢಾರಿ ‘ದಶಾಂಶ ಸಾಹೇಬ’, ಚುಕ್ಕಿ ಆಚೆ ಸರಿದರೆ ಅವನ ಬೆಲೆ ಹತ್ತು ಪಟ್ಟು. ಪಕ್ಕದ ಅಬ್ಬಿಗೇರಿಯಲ್ಲಿ ಒಬ್ಬ ಕೆಮ್ಮಿದರೆ, ಸುದ್ದಿ ಜಕ್ಕಲಿ ಮುಟ್ಟುವಷ್ಟರಲ್ಲಿ ಹತ್ತು ಮಂದಿಯನ್ನು ಹಾಸಿಗೆ ಹಿಡಿಸುವ ಮಾಯವ್ವ ‘ಗುಣಾಕಾರವ್ವ’. ಮಾಯವ್ವನೂ ನಕ್ಕು ಆ ಹೆಸರಿಗೆ ಓಗೊಡುತ್ತಿದ್ದಳು. ಮಂದಿಗೆ ಹೆಸರಿಡೋದಕ್ಕೆ ಸರಕಾರ ನಿಮಗೆ ಪಗಾರ ಕೊಡತದೇನು ಎಂದು ನಾನು ಬೈದದ್ದೇ ಬಂತು.

ನಮ್ಮ ಕಡೆ ಒಮ್ಮೆ ಹೆಸರು ಅಂಟಿತೆಂದರೆ ಮುಗಿಯಿತು. ಮುತ್ತಜ್ಜ ಉಳ್ಳಾಗಡ್ಡಿ ಮಾರಿದ್ದರೆ ಮರಿಮೊಮ್ಮಗ ವಕೀಲನಾದರೂ ಉಳ್ಳಾಗಡ್ಡಿಯವನೇ. ಇದು ಅವರಿಗೆ ಗೊತ್ತಿರಲಿಲ್ಲವೇ, ಚೆನ್ನಾಗಿ ಗೊತ್ತಿತ್ತು.

ಊರಿನ ಮೊದಲ ಪಾಸಿಟಿವ್ ನಮ್ಮ ಮನೆಯವರಿಗೇ ಬಂತು. ಪಂಚಾಯಿತಿಯವರು ಓಣಿಯ ಬಾಯಿಗೆ ತಗಡು ಬಡಿದರು. ಇವರನ್ನು ಕರೆದೊಯ್ಯಲು ಗಾಡಿ ಬಂದಾಗ, ಏದುಸಿರು ಬಿಡುತ್ತ, ತಗಡಿನ ಆಚೆ ನಿಂತಿದ್ದ ಮಂದಿಗೆ ಕೇಳುವಂತೆ ಹೇಳಿದರು: “ಇನ್ನ ಮ್ಯಾಲೆ ನಮಗ ಹುಲ್ಲೂರವರು ಅನಬ್ಯಾಡ್ರಿ. ನಾವು ತಗಡಿನವರು.” ಮಂದಿ ನಕ್ಕರು. ನಾನೂ ನಕ್ಕೆ. ಅವರು ದವಾಖಾನೆಯಿಂದ ತಿರುಗಿ ಬರಲಿಲ್ಲ, ಮುಖ ನೋಡಲೂ ನಮ್ಮನ್ನು ಬಿಡಲಿಲ್ಲ. ಒಂದು ದಿನ ಪಂಚಾಯಿತಿಯವರು ಬಂದು ತಗಡು ಕಿತ್ತುಕೊಂಡು ಹೋದರು. ನಾನು ಮಾತ್ರ ತಗಡಿನ ಪುಷ್ಪಾವತಿಯಾಗಿ, ಮಗಳು ತಗಡಿನ ನೇತ್ರಾ ಆಗಿ ಉಳಿದೆವು.

ನನಗೆ ಮೈ ಉರಿಯುತ್ತಿತ್ತು. ಅವರ ಕೊನೆಯ ಮಾತು ಕಿರಾಣಿ ಅಂಗಡಿಯಲ್ಲಿ, ಹಿಟ್ಟಿನ ಗಿರಣಿಯಲ್ಲಿ ಕಂಡವರ ಬಾಯಲ್ಲಿ ಓಡಾಡಬೇಕೇ? ಒಂದು ಸಂಜೆ ಸಾಜೀದನ ಚಹಾದ ಅಂಗಡಿ ಮುಂದೆ ನಿಂತು, ಇನ್ನೊಮ್ಮೆ ಆ ಹೆಸರೆತ್ತಿದವರ ಜನ್ಮ ಜಾಲಾಡಿಸುತ್ತೇನೆಂದು ಊರಿಗೆಲ್ಲ ಕೇಳುವಂತೆ ಒದರಿದೆ. ಅಂದಿನಿಂದ ನನ್ನೆದುರು ಯಾರೂ ಅದನ್ನು ಆಡಲಿಲ್ಲ.

ಈ ವರ್ಷ ನೇತ್ರಾಳಿಗೆ ಹೊಳೆಆಲೂರಿನಿಂದ ಒಂದು ಸಂಬಂಧ ಬಂತು. ಹುಡುಗನ ಫೋಟೋವನ್ನು ಅವಳು ತನ್ನ ಪುಸ್ತಕದೊಳಗೆ ಇಟ್ಟುಕೊಂಡಳು. ಇದೊಂದು ಕೂಡಿ ಬಂದರೆ ಸಾಕು, ಮಗಳು ಆ ತಗಡಿನಾಚೆ ದಾಟಿದಳು ಅಂದುಕೊಂಡೆ. ಸಂಬಂಧ ತಂದ ನಿಂಗಪ್ಪನಿಗೆ ಒತ್ತಿ ಹೇಳಿದ್ದೆ: ಹುಲ್ಲೂರವರ ಮನೆ ಎಂದಷ್ಟೇ ಹೇಳು, ಬೇರೆ ಒಂದು ಅಕ್ಷರ ಬಾಯಿಂದ ಬೀಳಕೂಡದು.

ಬೀಗರು ಬರುವ ದಿನ ನಿಂಗಪ್ಪ ಊರಲ್ಲಿರಲಿಲ್ಲ, ಬೆಳಗಿನಿಂದ ಕರೆಂಟಿಲ್ಲ, ನನ್ನ ಫೋನು ಸತ್ತು ಬಿದ್ದಿತ್ತು. ಅವಲಕ್ಕಿ ಹಚ್ಚಿಟ್ಟು, ನೇತ್ರಾಳಿಗೆ ಸೀರೆ ಉಡಿಸಿ, ಹಾದಿ ಕಾಯುತ್ತ ಕೂತೆ. ಬಿಸಿಲೇರಿತು, ಯಾರೂ ಬರಲಿಲ್ಲ. ಕೊನೆಗೆ ಬಾಗಿಲಿಗೆ ಬಂದವನು ಸಾಜೀದ. ಒಳಗೆ ಕಾಲಿಡದೆ ಟವೆಲ್ಲು ಹಿಂಡುತ್ತ ನಿಂತ.

“ಅಕ್ಕಾರ, ಹೊಳೆಆಲೂರಿನವರು ಊರೆಲ್ಲಾ ಅಡ್ಡಾಡಿದ್ರು. ಹುಲ್ಲೂರವರು ಅಂದ್ರ ಯಾರಂತ ಯಾರಿಗೂ ಗೊತ್ತಿಲ್ರಿ. ಕನ್ಯಾ ನೋಡಾಕ ಅಂದ ಮ್ಯಾಲೆ ನನಗ ಹೊಳೀತು. ಆದ್ರ ಕರಕೊಂಡು ಬರೂಣಂದ್ರ, ನೀವು ಬ್ಯಾಡಂದ ನಿಮ್ಮ ಖರೇ ಹೆಸರು ಹ್ಯಾಂಗ ಹೇಳೂದು? ಅದಕ ಕೇಳಾಕ ಬಂದೆ. ಹೇಳ್ಲೇನ್ರಿ?”

ನಾನು ಚಪ್ಪಲಿ ಮೆಟ್ಟದೆ ಓಡಿದೆ. ಅಷ್ಟರಲ್ಲಿ ಮಾಯವ್ವ ತನ್ನ ಕೆಲಸ ಮಾಡಿದ್ದಳು: ಆ ಹೆಸರಿನ ಮನೆಯೇ ಊರಲ್ಲಿಲ್ಲ, ಹುಡುಗಿಯೂ ಇರಲಿಕ್ಕಿಲ್ಲ, ನಿಮಗೆ ಯಾರೋ ಮೋಸ ಮಾಡಿದ್ದಾರೆ. ಬಸ್‌ಸ್ಟ್ಯಾಂಡಿನಲ್ಲಿ ಹುಡುಗನ ತಂದೆ ಅರ್ಜುನಪ್ಪ ಗಾಡಿಯ ಬಾಗಿಲಿಗೆ ಕೈ ಹಾಕಿದ್ದರು. ಹುಲ್ಲೂರವರ ಮನೆಯವಳು ನಾನೇ ಎಂದು ಕೈ ಮುಗಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಸುತ್ತ ನಿಂತವರನ್ನು ಕೇಳಿದರು: “ಇವ್ರು ಯಾರ ಮನಿಯವರ್ರಿ?”

ಅಲ್ಲಿ ನಿಂತವರಿಗೆಲ್ಲ ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ಮಾಯವ್ವ ಸೆರಗು ಬಾಯಿಗೆ ಒತ್ತಿಕೊಂಡಳು, ಸಾಜೀದ ನೆಲ ನೋಡಿದ. ನನಗೆ ಅಂಜಿ ಊರಿಗೆ ಊರೇ ಮೂಕವಾಗಿ ನಿಂತಿತ್ತು. ಅರ್ಜುನಪ್ಪ ಗಾಡಿಯ ಬಾಗಿಲು ತೆರೆದರು.

“ತಗಡಿನವರ್ರಿ,” ಅಂದೆ. “ನಾವು ತಗಡಿನವರು.”

ಸುತ್ತಲಿದ್ದವರು ಒಮ್ಮೆಲೇ ಹೌದ್ರಿ ಹೌದ್ರಿ ಎಂದರು. ಅರ್ಜುನಪ್ಪ ಬಾಗಿಲು ಹಿಡಿದುಕೊಂಡೇ, ಅದೆಂಥ ಹೆಸರು, ಯಾರು ಇಟ್ಟದ್ದು ಎಂದು ಮೆಲ್ಲಗೆ ಕೇಳಿದರು.

“ನಮ್ಮ ಮನಿಯವರು ಇಟ್ಟದ್ದರೀ,” ಅಂದೆ. “ಬರ್ರಿ, ಹೇಳ್ತೀನಿ,” ಎಂದು ಮನೆಯ ಹಾದಿ ಹಿಡಿದೆ.