ಗುಂಡನ ಆಸರೆ ಕಂಬಿ

ಕೆಂಪು ಹಚ್ಚುವುದೋ ಹಳದಿ ಹಚ್ಚುವುದೋ ಎಂಬುದೇ ಕನ್ನಡಕದಪ್ಪನಿಗೆ ಇತ್ಯರ್ಥವಾಗಲಿಲ್ಲ. ಬೆಂಕಿಕಡ್ಡಿಗಿಂತ ತೆಳ್ಳಗಿನ ಪ್ಲಾಸ್ಟಿಕ್ ಕಂಬಿ ಅದು. ಕುಂಚ ಒಮ್ಮೆ ಎಳೆದರೆ ಮುಗಿಯುವ ಕೆಲಸ. ಆದರೆ ಮಗಳು ಓಡಿಸುವ ಟಿಪ್ಪರಿನಲ್ಲಿ ಅದಕ್ಕೆ ಯಾವ ಬಣ್ಣವಿದೆಯೋ ಈ ಪುಟ್ಟ ಮಾದರಿಯಲ್ಲೂ ಅದೇ ಇರಬೇಕು. ಇಲ್ಲದಿದ್ದರೆ ಇಷ್ಟೆಲ್ಲ ಒದ್ದಾಡುವ ಬದಲು ಆಟಿಕೆ ಅಂಗಡಿಗೇ ಹೋಗಬಹುದಿತ್ತಲ್ಲ!

"ರೀ, ಆ ಕೈಯಲ್ಲಿ ನೀರಿನ ಲೋಟ ಮುಟ್ಬೇಡಿ ಮತ್ತೆ," ಎಂದು ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. "ನಿನ್ನೆ ಇಡೀ ದಿನ ನೀರು ಬಣ್ಣದ ವಾಸನೆ ಹೊಡೀತಿತ್ತು."

"ಮುಟ್ಟಲ್ಲ ಮಾರಾಯ್ತಿ."

ಬೀದಿಯ ತುದಿಯಲ್ಲಿ ಕನ್ನಡಕ ರಿಪೇರಿ ಅಂಗಡಿ ಇಟ್ಟಿದ್ದರಿಂದ ಅವನಿಗೆ ಆ ಹೆಸರು ಅಂಟಿಕೊಂಡಿತ್ತು. ಸಾಸಿವೆ ಕಾಳಿನಂಥ ತಿರುಪುಗಳ ಜೊತೆ ಏಗಿದ ಕೈಗೆ ಬಿಡಿಭಾಗಗಳ ಕಿಟ್ ತಂದು ಪುಟ್ಟ ಗಾಡಿ ಜೋಡಿಸುವ ಈ ಹುಚ್ಚು ಹತ್ತಿದ್ದು ತಡವಾಗಿ, ಮಗಳು ಟಿಪ್ಪರ್ ಓಡಿಸಲು ಸೇರಿದ ಮೇಲೆ. ಅವಳು ತನ್ನ ಗಾಡಿಗೆ ಗುಂಡ ಎಂದು ಹೆಸರಿಟ್ಟಿದ್ದಳು. ಗುಂಡನಂಥ ಹಳೆಯ ಗಾಡಿಯ ಕಿಟ್ ಯಾವ ಕಂಪನಿಯವರೂ ಮಾಡಿರಲಿಲ್ಲ. ಹಾಗಾಗಿ ಅವನ ಗುಂಡನಿಗೆ ಮುಖ ಬಂದದ್ದು ಬೆಂಕಿ ಆರಿಸುವ ಗಾಡಿಯ ಕಿಟ್ಟಿನಿಂದ, ಬೆನ್ನು ಮರದ ದಿಮ್ಮಿ ಸಾಗಿಸುವ ಲಾರಿಯದ್ದರಿಂದ, ಚಕ್ರಗಳು ಕ್ರೇನಿನದ್ದರಿಂದ. ಜಲ್ಲಿ ತುಂಬುವ ತೊಟ್ಟಿಯನ್ನು ಮಾತ್ರ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ತಾನೇ ಕಟ್ಟಿದ್ದ. ಕೀಲು ಎಷ್ಟು ನಯವಾಗಿ ಕೂತಿತ್ತೆಂದರೆ, ಉಗುರಿನಿಂದ ಮುಟ್ಟಿದರೆ ಸಾಕು, ತೊಟ್ಟಿ ಮೇಲೇಳುತ್ತಿತ್ತು. ದಿನಾ ಸಂಜೆ ಕೆಲಸದಿಂದ ಬಂದವಳೇ ಮಗಳು ಅದನ್ನೊಮ್ಮೆ ಎತ್ತಿ ಇಳಿಸಿಯೇ ಕೈಕಾಲು ತೊಳೆಯಲು ಹೋಗುವುದು.

ಈ ಆಸರೆ ಕಂಬಿ ಇನ್ನೊಂದು ಹಳೆಯ ಟಿಪ್ಪರ್ ಕಿಟ್ಟಿನದು. ಎತ್ತಿದ ತೊಟ್ಟಿಯ ಅಡಿ ಯಾರಾದರೂ ಕೈಹಾಕಿ ಕೆಲಸ ಮಾಡುವಾಗ, ಅದನ್ನೆತ್ತುವ ಎಣ್ಣೆಯ ಜ್ಯಾಕ್ ಕೈಕೊಟ್ಟರೂ ತೊಟ್ಟಿ ಬೀಳದಂತೆ ಊರಿ ನಿಲ್ಲಿಸುವ ಕಂಬಿ. ಟಿಪ್ಪರಿನ ಕಿಟ್ ಯಾವುದೇ ಇರಲಿ, ಅದರಲ್ಲಿ ಇದೊಂದು ಇದ್ದೇ ಇರುತ್ತಿತ್ತು. ಇದ್ದದ್ದನ್ನು ಕತ್ತರಿಸಿ, ಉಜ್ಜಿ, ಅಂಟಿಸುವುದು ಅವನಿಗೆ ರೂಢಿ. ಗುಂಡನಿಗೂ ಹಾಗೆಯೇ ಅಂಟಿಸಿದ್ದ, ಯೋಚನೆ ಮಾಡಿರಲಿಲ್ಲ.

ಬಣ್ಣ ನೋಡಲೆಂದು ಕುಂಚವನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಮಗಳು ಕಳಿಸಿದ ಫೋಟೋವನ್ನು ಫೋನಿನಲ್ಲಿ ತೆರೆದು ದೊಡ್ಡದು ಮಾಡಿದ. ಕಂಬಿ ಕೂರಬೇಕಾದ ಜಾಗದಲ್ಲಿ ಅದನ್ನು ಹಿಡಿದಿಡುವ ಕಬ್ಬಿಣದ ಎರಡು ಕಿವಿಗಳಿದ್ದವು. ನಡುವೆ ತುಕ್ಕು ಹಿಡಿದ ತೂತು. ಕಂಬಿ ಇರಲಿಲ್ಲ.

ಇನ್ನೊಂದು ಫೋಟೋ ನೋಡಿದ. ಅದರಲ್ಲೂ ಇಲ್ಲ. ಎಲ್ಲ ಫೋಟೋಗಳಲ್ಲೂ ತೊಟ್ಟಿ ಮೇಲೆದ್ದೇ ಇತ್ತು, ಎಲ್ಲದರಲ್ಲೂ ಆ ತೂತು ಖಾಲಿ. ಇಷ್ಟು ದಿನ ಅವನು ಈ ಫೋಟೋಗಳಲ್ಲಿ ಪೈಪು ನೋಡಿದ್ದ, ಬೋಲ್ಟು ನೋಡಿದ್ದ, ಕೆಸರಿನ ಕಲೆ ನೋಡಿದ್ದ. ಫೋಟೋ ತೆಗೆದವಳು ಎಲ್ಲಿ ನಿಂತಿದ್ದಳು ಎಂದು ಮಾತ್ರ ನೋಡಿರಲಿಲ್ಲ. ಇಂಥ ಫೋಟೋ ತೆಗೆಯಬೇಕಾದರೆ ಚಕ್ರದ ಮೇಲೆ ಹತ್ತಿ, ಗಾಡಿಯ ಅಡಿಚೌಕಟ್ಟಾದ ಚಾಸಿಸ್ಸಿಗೂ ತೊಟ್ಟಿಗೂ ನಡುವೆ ತಲೆ ತೂರಿಸಬೇಕು.

ಮಾದರಿಯ ಜ್ಯಾಕಿನ ಮೇಲೆ ತಾನೇ ಬಿಡಿಸಿದ್ದ ಎಣ್ಣೆಯ ಕಲೆ ಕಣ್ಣಿಗೆ ಬಿತ್ತು. ಕಂದು ಬಣ್ಣ, ಮೇಲೆ ಒಂದು ಹನಿ ಹೊಳಪು. ಸೋರುವ ಎಣ್ಣೆ ಥೇಟ್ ಹಾಗೇ ಕಾಣುತ್ತದೆ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ. "ಗುಂಡನಿಗೆ ವಯಸ್ಸಾಯ್ತಪ್ಪ, ಎತ್ತಿದ ತೊಟ್ಟಿ ತಾನಾಗೇ ಜಾರುತ್ತೆ," ಎಂದು ಮಗಳು ಮೊನ್ನೆ ಹೇಳಿದಾಗ ನಕ್ಕಿದ್ದ ಕೂಡ.

ಮತ್ತೆ ಇವತ್ತು ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುವಾಗ ತಾನೇ ಅಲ್ಲವೇ ಹಿಂದೆ ಬಿದ್ದದ್ದು?

"ಒಂದೇ ಒಂದು ಫೋಟೋ ಕಣೆ. ಪೈಪು ಪಂಪಿಗೆ ಕೂಡೋ ಜಾಗ. ಹತ್ತಿರದಿಂದ ತೆಗಿ, ದೂರದಿಂದ ತೆಗೆದ್ರೆ ಏನೂ ಕಾಣ್ಸಲ್ಲ."

"ಹೂಂ ಕಣಪ್ಪ, ಊಟದ ಹೊತ್ತಲ್ಲಿ ತೆಗೀತೀನಿ. ನಿನ್ ಕಾಟ ತಪ್ಪಿದ್ದಲ್ಲ."

ಈಗ ಊಟದ ಹೊತ್ತು. ಅವನು ಫೋನ್ ಮಾಡಿದ. ಗಂಟೆ ಬಾರಿಸಿ ಬಾರಿಸಿ ನಿಂತಿತು. ಮತ್ತೆ ಮಾಡಿದ. ಮತ್ತೆ ಅಷ್ಟೆ.

"ಊಟಕ್ಕೆ ಏಳಿ," ಎಂದಳು ಹೆಂಡತಿ ಬಾಗಿಲಲ್ಲಿ ನಿಂತು.

"ಬಂದೆ. ಅಂಟು ಮುಗಿದಿದೆ, ತಂದ್ಬಿಡ್ತೀನಿ," ಎಂದ. ಅಂಟಿನ ಹೊಸ ಟ್ಯೂಬು ಅವಳ ಕಣ್ಣೆದುರಿಗೇ ಬಿದ್ದಿತ್ತು.

ಸ್ಕೂಟರ್ ಸ್ಟಾರ್ಟ್ ಮಾಡುವಾಗ ಕಾಲು ಎರಡು ಸಲ ಜಾರಿತು. ಮಗಳ ಗಾಡಿ ಓಡುತ್ತಿದ್ದ ಕಟ್ಟಡದ ಕೆಲಸದ ಜಾಗ ದೂರವೇನಲ್ಲ, ಆದರೆ ಅವತ್ತು ದಾರಿ ಸಾಗಲೇ ಇಲ್ಲ. ಎದುರಿಗೆ ಬಂದ ಪ್ರತಿ ಲಾರಿಯ ಶಬ್ದಕ್ಕೂ ಬ್ರೇಕ್ ಹಿಡಿದ. ಏನೂ ಆಗಿರಲ್ಲ, ಫೋನನ್ನು ಗಾಡಿಯಲ್ಲೇ ಬಿಟ್ಟು ಊಟಕ್ಕೆ ಕೂತಿರುತ್ತಾಳೆ, ತನ್ನದು ಬರೀ ಹುಚ್ಚು ಎಂದುಕೊಂಡ. ಹಾಗೆಂದುಕೊಂಡಷ್ಟೂ ಭಯ ಹೆಚ್ಚಾಯಿತು. ಸಿಗ್ನಲ್ಲಿನಲ್ಲಿ ನಿಂತಾಗ ಜೇಬಿನಲ್ಲಿ ಫೋನು ಟಿಂಗ್ ಎಂದಿತು.

ಮಗಳು ಫೋಟೋ ಕಳಿಸಿದ್ದಳು. ಪೈಪು, ಪಂಪು, ನಡುವೆ ಹಿತ್ತಾಳೆಯ ಕೊಂಡಿ. ಅವನು ಕೇಳಿದ್ದಂತೆಯೇ ಹತ್ತಿರದಿಂದ, ಒಂದು ಚೂರೂ ಅಲುಗಾಡದೆ. ಅಬ್ಬಾ ಎನ್ನುವಷ್ಟರಲ್ಲಿ ಇನ್ನೊಂದು ಯೋಚನೆ ಬಂತು. ಇದನ್ನು ಕಳಿಸಿದಾಗ ಅವಳು ಅಲ್ಲಿಂದ ಈಚೆ ಬಂದಿದ್ದಳೇ? ಫೋನ್ ಮಾಡಿದ. ಎತ್ತಲಿಲ್ಲ. ಈಗಷ್ಟೇ ಕೈಯಲ್ಲಿ ಹಿಡಿದಿದ್ದ ಫೋನನ್ನು ಯಾಕೆ ಎತ್ತುವುದಿಲ್ಲ? ಹಿಂದಿನವರು ಹಾರ್ನ್ ಹೊಡೆದು ಬೈಯತೊಡಗಿದಾಗಲೇ ದೀಪ ಹಸಿರಾದದ್ದು ಗೊತ್ತಾದುದು.

ಗೇಟಿನ ಕಾವಲುಗಾರ ಕೈ ಅಡ್ಡ ಹಿಡಿದ. "ಯಾರ್ ಬೇಕು ಯಜಮಾನ್ರೆ? ಹೆಲ್ಮೆಟ್ ಇಲ್ದೆ ಒಳಗೆ ಬಿಡಲ್ಲ."

"ಮಗಳು... ಟಿಪ್ಪರ್..." ಕೈಯ ಅಡಿಯಿಂದಲೇ ನುಸುಳಿಬಿಟ್ಟ.

ಸಿಮೆಂಟಿನ ರಾಶಿಗಳ ಆಚೆ ಗುಂಡ ನಿಂತಿದ್ದ. ಮುಖ, ಬೆನ್ನು, ಚಕ್ರ ಎಲ್ಲ ಅವನಿಗೆ ಬಾಯಿಪಾಠ. ತೊಟ್ಟಿ ಕೆಳಗಿತ್ತು. ಇಳಿಸಿದ್ದೋ? ಬಿದ್ದದ್ದೋ? ದೂರದಿಂದ ಎರಡೂ ಒಂದೇ ತರಹ ಕಾಣುತ್ತಿತ್ತು. ಸುತ್ತ ಯಾರೂ ಇರಲಿಲ್ಲ. ಇನ್ನೊಮ್ಮೆ ಫೋನ್ ಮಾಡಿದ.

ಗಾಡಿಯ ಅಡಿಯಿಂದ ಗಂಟೆ ಕೇಳಿಸಿತು.

ಕನ್ನಡಕದಪ್ಪ ನೆಲಕ್ಕೆ ಬಿದ್ದ. ಕೂತನೋ ಕುಸಿದನೋ ಅವನಿಗೇ ತಿಳಿಯಲಿಲ್ಲ. ಚಕ್ರಗಳ ನಡುವೆ, ಮಣ್ಣಿನಲ್ಲಿ, ಮಗಳ ಫೋನು ಬೆಳಗುತ್ತ ಗಿರಗಿರ ಅಲುಗುತ್ತಿತ್ತು. ಪರದೆಯ ಮೇಲೆ 'ಅಪ್ಪ' ಎಂದಿತ್ತು. ಮೇಲೆ, ಚಾಸಿಸ್ಸಿಗೂ ತೊಟ್ಟಿಗೂ ನಡುವೆ, ಕಣ್ಣೆತ್ತಿ ನೋಡುವ ಧೈರ್ಯ ಅವನಿಗೆ ಬರಲಿಲ್ಲ. ಕಣ್ಣು ಮುಚ್ಚಿಕೊಂಡು ಮಣ್ಣಿಗೆ ಹಣೆ ಹಚ್ಚಿದ.

"ಅಪ್ಪ? ಅಲ್ಲೇನ್ ಹುಡುಕ್ತಿದೀಯ?"

ತಿರುಗಿ ನೋಡಿದ. ಮಗಳು ನಿಂತಿದ್ದಳು, ತಲೆಯ ಮೇಲೆ ಹೆಲ್ಮೆಟ್ಟು, ಬಲ ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ನೀರು ಕೆಂಪಗಿತ್ತು.

"ಏನಿಲ್ಲ ಬಾರಪ್ಪ, ಗೀರಿದೆ ಅಷ್ಟೆ. ಫೋಟೋ ಕಳಿಸ್ದೆ ನೋಡು, ತೊಟ್ಟಿ ಗುಡುಗುಡು ಅಂತು. ತಲೆ ಈಚೆ ಎಳ್ಕೊಂಡೆ, ದಬಕ್ ಅಂತ ಕೂತ್ಕೊಂಡ್ಬಿಡ್ತು. ಫೋನ್ ಒಳಗೇ ಬಿತ್ತು. ನಲ್ಲಿ ಹತ್ರ ಕೈ ತೊಳ್ಕೊಳ್ಳೋಕೆ ಹೋಗಿದ್ದೆ." ಅವಳು ನಗಲು ನೋಡಿದಳು. "ಅಮ್ಮಂಗೆ ಹೇಳ್ಬೇಡ. ಫೋಟೋ ಚೆನ್ನಾಗಿ ಬಂದಿದೆ ತಾನೆ?"

ಅವನು ಅವಳ ಇನ್ನೊಂದು ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡ. ಬಿಡಲಿಲ್ಲ.

ಕಂಬಿ ಎಲ್ಲಿ ಎಂದು ಅವನು ಕೇಳಿದ್ದಕ್ಕೆ, ಗದ್ದಲ ಕೇಳಿ ಬಂದ ಮೆಕ್ಯಾನಿಕ್ಕು ತಲೆ ಕೆರೆದುಕೊಂಡ. "ಆ ಕಂಬಿ ಹಳೇ ಡ್ರೈವರ್ ಕಾಲದಲ್ಲೇ ಕಳ್ದೋಯ್ತು ಯಜಮಾನ್ರೆ. ನಾಳೆ ಬೆಸುಗೆಯವನಿಗೆ ಹೇಳಿ ಹೊಸದು ಹಾಕಿಸ್ತೀನಿ."

"ಜ್ಯಾಕೂ ಬಿಚ್ಚಿಸಿ," ಎಂದಳು ಮಗಳು, ಗಾಡಿಯ ಕೀಲಿಯನ್ನು ಜೇಬಿಗೆ ಹಾಕಿಕೊಳ್ಳುತ್ತ. "ಎರಡೂ ಆಗೋ ತನಕ ಇದು ನನ್ ಹತ್ರಾನೇ ಇರುತ್ತೆ. ಯಾರು ಕೇಳಿದ್ರೂ ಕೊಡಲ್ಲ."

ಸಂಜೆ ಅವಳು ಉದ್ದ ತೋಳಿನ ಅಂಗಿ ತೊಟ್ಟು ಅವನ ಮೇಜಿನ ಬಳಿ ಬಂದಳು. ಅಡುಗೆಮನೆಯಲ್ಲಿ ಅಮ್ಮ, ಅಂಟು ತರಲು ಹೋದವರು ಬರಿಗೈಯಲ್ಲಿ ಬಂದ ಕಥೆಯನ್ನು ಪಾತ್ರೆಗಳಿಗೆ ಹೇಳುತ್ತಿದ್ದಳು. ಅವನು ಕಿತ್ತು ಹಾಕಿದ್ದ ಮಾದರಿಯ ಕಂಬಿ ಬಣ್ಣವಿಲ್ಲದೆ ಬಿದ್ದಿತ್ತು. ಪುಟ್ಟ ಗುಂಡನ ತೊಟ್ಟಿ ಕೆಳಗಿತ್ತು. ಮಗಳು ರೂಢಿಯಂತೆ ಉಗುರು ತಾಗಿಸಿ ಎತ್ತಿದಳು. ಏಳಲಿಲ್ಲ.

"ಅಪ್ಪ, ಕೀಲು ಹಿಡ್ಕೊಂಡಿದೆ."

"ಇಲ್ಲ ಮಗಳೇ. ಅಂಟಿಸ್ಬಿಟ್ಟೆ."

"ಒಳಗಡೆ ಪೈಪು, ಪಂಪು... ಎಲ್ಲ ನೀನು ಎಷ್ಟ್ ಕಷ್ಟಪಟ್ಟು ಮಾಡಿದ್ದೆ?"

ಅವಳು ಜಾರಿದ ಅಂಗಿಯ ತೋಳನ್ನು ಮೊಣಕೈಯ ಮೇಲೆ ಎಳೆದುಕೊಂಡು ಪಕ್ಕದಲ್ಲೇ ಕೂತಳು. ಅಂಟು ಒಣಗಿ ಎಷ್ಟೋ ಹೊತ್ತಾಗಿತ್ತು. ಅವನ ಹೆಬ್ಬೆರಳು ಮಾತ್ರ ತೊಟ್ಟಿಯನ್ನು ಒತ್ತಿ ಹಿಡಿದೇ ಇತ್ತು.